ಗಲ್ಲಾದಲ್ಲಿ ಯಜಮಾನ, ಕಾರ್ಡಿನಲ್ಲಿ ಯಜಮಾನಿ

ಸಂಜೆ ಆರರ ಬಸ್ಸು. ಬಾಗಿಲಲ್ಲಿ ಜೋತುಬಿದ್ದ ಗಂಡಸರ ಗೊಣಗಾಟ ಎಲ್ಲ ತಾಲ್ಲೂಕಿನಲ್ಲೂ ಒಂದೇ: ‘ದುಡ್ಡು ಕೊಟ್ಟೋರು ನಿಂತಿದ್ದಾರೆ, ಪುಕ್ಕಟೆ ಬಂದೋರು ಕೂತಿದ್ದಾರೆ!’

ಗೊಣಗಾಟದಲ್ಲಿ ಹುರುಳಿಲ್ಲವೆಂದೇನೂ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳು ತುಂಬಿ ತುಳುಕಿದವು. 2025ರ ಜನವರಿಯಲ್ಲಿ ದರ ಶೇಕಡಾ 15ರಷ್ಟು ಏರಿದಾಗ ಬಿಸಿ ತಟ್ಟಿದ್ದು ಗಂಡಸಿನ ಜೇಬಿಗೇ. ಒಂದು ಕಾಲಕ್ಕೆ ಬಸ್ಸಿನ ಮುಂದಿನ ಸೀಟಿನ ಮೇಲೆ ‘ಮಹಿಳೆಯರಿಗೆ’ ಎಂದು ಬರೆಸಬೇಕಿತ್ತು. ಶಕ್ತಿ ಬಂದಾಗ ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎನ್ನಬೇಕಾಯಿತು! ಕಾಲ ತಿರುಗೋದು ಅಂದರೆ ಇದೇ ಸ್ವಾಮಿ.

ಆದರೆ ಈ ಟಿಕೆಟ್ಟಿನ ಹಿಂದೆ ಇನ್ನೊಂದು ಲೆಕ್ಕವಿದೆ. ತವರಿಗೆ ಹೋಗಬೇಕಾದರೆ ಎಷ್ಟೋ ಹೆಂಗಸರು ಬಸ್ ಚಾರ್ಜಿಗೆ ಗಂಡನ ಮುಂದೆ ಕೈಯೊಡ್ಡಬೇಕಿತ್ತು. ದುಡ್ಡು ಕೇಳೋದು ಅಂದ್ರೆ ಅಪ್ಪಣೆ ಕೇಳೋದು ಅಂತಲೇ ಅರ್ಥ. ‘ಈಗ್ಯಾಕೆ? ಮುಂದಿನ ವಾರ ನೋಡೋಣ’ ಅಂದರೆ ಮುಗೀತು. ಈಗ ಆಕೆ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಹರಿಸಿಕೊಂಡು ಕೂರುತ್ತಾಳೆ. ಉಳಿದದ್ದು ಇಪ್ಪತ್ತೋ ಮೂವತ್ತೋ ರೂಪಾಯಿ. ತಪ್ಪಿದ್ದು ಕೇಳುವ ಹಂಗು. ಹಾಗಾದರೆ ಗಂಡಸಿಗೆ ಚುಚ್ಚುತ್ತಿರುವುದು ಯಾವುದು? ನಿಂತು ನೋಯುವ ಕಾಲೋ, ಕೈತಪ್ಪಿದ ಅಪ್ಪಣೆಯೋ?

ರೇಷನ್ ಕಾರ್ಡನ್ನೇ ತೆಗೆದು ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯೂ ಯಜಮಾನಿಯ ಖಾತೆಗೇ ಎಂದು ನಿಗದಿಯಾಯಿತು. (ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಅಂಗಡಿಯವರ ಮನೆಗೆ ಅದಿಲ್ಲ, ಆ ಮಾತು ಬೇರೆ.) ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು 2010ರಲ್ಲೇ ಆಗಿಹೋಗಿದೆ.

ಹಾಗಂತ ಎಲ್ಲ ಬದಲಾಯಿತೆ? ಖಾತೆ ಅವಳದು, ಎಟಿಎಂ ಕಾರ್ಡು ಗಂಡನ ಜೇಬಲ್ಲಿ. ಕುರ್ಚಿ ಅಧ್ಯಕ್ಷೆಯದು, ಮಾತು ಅಧ್ಯಕ್ಷೆಯ ಗಂಡನದು. ಇಂಥ ಊರು, ಇಂಥ ಮನೆ ಬೇಕಾದಷ್ಟಿವೆ.

ಕಾನೂನು ಬದಲಾದಷ್ಟು ಬೇಗ ನಾಲಿಗೆ ಬದಲಾಗೋಲ್ಲ. ಎದುರು ಮಾತಾಡಿದವಳು ಇಂದಿಗೂ ‘ಗಂಡುಬೀರಿ’. ಮನೇಲಿ ಪಾತ್ರೆ ತೊಳೆದವನು ‘ಅಮ್ಮಾವ್ರ ಗಂಡ’. ಹೋಟೆಲಿನಲ್ಲಿ ನೂರು ಜನಕ್ಕೆ ಬೇಯಿಸಿ ಹಾಕಿದರೆ ‘ಭಟ್ಟರು’ ಎಂಬ ಗೌರವ. ಅದೇ ಕೈ ಮನೇಲಿ ಹೆಂಡತಿಗೆ ಒಂದು ಲೋಟ ಕಾಫಿ ಕಾಸಿದರೆ ನಗೆಪಾಟಲು! ಸಂಬಳ ಬಂದರೆ ಅದು ಗಂಡಸಿನ ಕಸುಬು, ಬರದಿದ್ದರೆ ಹೆಂಗಸಿನ ಕೆಲಸ. ಭಲೇ ನ್ಯಾಯ!

ಇದರಲ್ಲಿ ಗಂಡಸಿಗೇನು ಸುಖವೋ? ವ್ಯಾಪಾರ ಬಿದ್ದ ದಿನವೂ ಮನೇಲಿ ಬಾಯಿ ಬಿಡುವಂತಿಲ್ಲ. ಸಾಲ ಒಬ್ಬನೇ ಹೊರಬೇಕು. ಕಣ್ಣು ತುಂಬಿದರೆ ‘ಗಂಡಸಾಗಿ ಅಳ್ತೀಯಾ’ ಎಂಬ ಹಂಗಿಸುವಿಕೆ. ಯಜಮಾನಿಕೆ ಹಂಚಿಕೊಂಡರೆ ಈ ಹೊರೆಯೂ ಹಂಚಿಕೆಯಾದೀತು. ‘ಹೆಂಗರುಳು’ ಎಂಬುದು ಕನ್ನಡದಲ್ಲಿ ಬೈಗುಳವಲ್ಲ, ಹೊಗಳಿಕೆ.

ರಾತ್ರಿ ಅಂಗಡಿ ಬಾಗಿಲೆಳೆದು, ಕೊನೇ ಬಸ್ಸಿಳಿದು ಮನೆ ಸೇರಿದವರು ಎರಡೇ ಲೆಕ್ಕ ನೋಡಲಿ: ಎಟಿಎಂ ಕಾರ್ಡು ಯಾರ ಹತ್ತಿರವಿದೆ? ಉಂಡ ತಟ್ಟೆ ಎತ್ತುವವರು ಯಾರು?