ಕುಡಿದು ದೋಣಿ ಓಡಿಸಿದ ಕೇಸು: ಕೋರ್ಟಲ್ಲಿ ಯಾವ ವಾದ ನಿಲ್ತದೆ?

ನಾನು ಕೆದಂಬಾಡಿಯವ. ನಮ್ಮ ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಸೇರ್ತವೆ. ಅಲ್ಲಿಂದ ಕೆಳಗೆ ಮಂಗಳೂರಿನ ಅಳಿವೆ ಕಡೆ ಹೋದರೆ ದೋಣಿಯಿಂದಲೇ ಬದುಕುವವರು ಸಿಗ್ತಾರೆ. ಅವರಲ್ಲೊಬ್ಬರ ಮೇಲೆ ‘ಕುಡಿದು ದೋಣಿ ಓಡಿಸಿದ’ ಅಂತ ಕೇಸಾದರೆ ಏನು ಮಾಡುವುದು? ಇವತ್ತಿನ ವಿಷಯ ಅದು.

ಬೈಕ್, ಕಾರಿನ ನಿಯಮ ನಿಮಗೆ ಗೊತ್ತುಂಟು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದೇ ಅಪರಾಧ. ಗಾಡಿ ನೆಟ್ಟಗೇ ಓಡಿಸಿದ್ದೆ ಅಂದರೂ ನಡೆಯುವುದಿಲ್ಲ. ಆದರೆ ಆ ಕಾಯ್ದೆ ರಸ್ತೆಯಲ್ಲಿ ಓಡುವ ವಾಹನಗಳಿಗೆ ಮಾತ್ರ. ದೋಣಿ ಅದರಲ್ಲಿ ಬರುವುದಿಲ್ಲ. ಹಾಗಾಗಿ ದೋಣಿಯವನ ಮೇಲೆ 185 ಹಾಕಿದ್ದರೆ ವಕೀಲರು ಮೊದಲು ಎತ್ತುವ ಆಕ್ಷೇಪ ಇದೇ.

ಹಾಗಾದರೆ ನೀರಿಗೆ ಕಾನೂನೇ ಇಲ್ವಾ? ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 282. ಜೀವಕ್ಕೆ ಅಪಾಯ ಆಗುವಷ್ಟು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ದೋಣಿ ನಡೆಸಿದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಜಾಮೀನು ಸಿಗುವ ಅಪರಾಧ. ಗಮನಿಸಿ, ಇಲ್ಲಿ ಕುಡಿದದ್ದನ್ನು ಸಾಬೀತು ಮಾಡಿದರೆ ಸಾಕಾಗುವುದಿಲ್ಲ. ದೋಣಿ ನಡೆಸಿದ ರೀತಿಯಿಂದ ಅಪಾಯ ಆಯಿತು ಅಂತ ಸರ್ಕಾರಿ ವಕೀಲರು ತೋರಿಸಬೇಕು. ಎಂಜಿನ್ ಯಾರ ಕೈಯಲ್ಲಿತ್ತು? ಎಷ್ಟು ಜನ ಹತ್ತಿದ್ದರು? ಲೈಫ್ ಜಾಕೆಟ್ ಇತ್ತಾ? ನೀರಿನ ಸೆಳೆತ ಹೇಗಿತ್ತು? ಕೇಸು ನಿಲ್ಲುವುದೂ ಬೀಳುವುದೂ ಇಂಥ ಪ್ರಶ್ನೆಗಳ ಮೇಲೆ.

ಇನ್ನು ಕುಡಿದಿದ್ದ ಅನ್ನುವುದಕ್ಕೆ ಸಾಕ್ಷಿ. ಬಾಯಿ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣುಪಾಪೆ – ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನಿಸಲು ಆಗದು ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ಬಚುಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ರಕ್ತ ಪರೀಕ್ಷೆ ಮುಖ್ಯ. ರಕ್ತ ಎಷ್ಟು ಹೊತ್ತಿಗೆ ತೆಗೆದರು, ಯಾರು ಸೀಲ್ ಮಾಡಿದರು ಅಂತ ವಕೀಲರು ಕೇಳ್ತಾರೆ. ಮೊಬೈಲ್ ವಿಡಿಯೋ ಕೊಟ್ಟಿದ್ದರೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಉಂಟಾ ಅಂತಲೂ ನೋಡ್ತಾರೆ.

ನಿಲ್ಲದ ವಾದ ಯಾವುದು? ‘ಅಮಲಿನಲ್ಲಿದ್ದೆ, ಏನು ಮಾಡಿದೆ ಅಂತ ಗೊತ್ತಾಗಲಿಲ್ಲ’ ಅನ್ನುವುದು. ತಾನಾಗಿ ಕುಡಿದವನಿಗೆ ಅದರಿಂದ ರಕ್ಷಣೆ ಇಲ್ಲ. ಗೊತ್ತಿಲ್ಲದ ಹಾಗೆ ಅಥವಾ ಬಲವಂತವಾಗಿ ಯಾರಾದರೂ ಕುಡಿಸಿದ್ದರೆ ಮಾತ್ರ ಸೆಕ್ಷನ್ 23 ನೆರವಿಗೆ ಬರಬಹುದು. ನಿರ್ಲಕ್ಷ್ಯದಿಂದ ಪ್ರಾಣ ಹೋದರೆ ಮಾತೇ ಬೇರೆ, ಸೆಕ್ಷನ್ 106ರಡಿ 5 ವರ್ಷದವರೆಗೆ ಶಿಕ್ಷೆ.

ಕೊನೆಗೆ ಒಂದು ಮಾತು. ‘ಒಪ್ಪಿಕೊಂಡು ಫೈನ್ ಕಟ್ಟಿ ಮುಗಿಸು ಮಾರಾಯ’ ಅಂತ ಹೇಳುವವರು ಸುಮಾರು ಜನ. ತಪ್ಪೊಪ್ಪಿಗೆ ಅಂದರೆ ಶಿಕ್ಷೆಯಾದ ದಾಖಲೆ. ನಾಳೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹೋದಾಗ ಅದು ಎದುರು ನಿಲ್ತದೆ. ಸಹಿ ಹಾಕುವ ಮೊದಲು ವಕೀಲರನ್ನು ಕಾಣಿ. ದುಡ್ಡಿಲ್ಲವಾ? ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ವಕೀಲರು ಉಚಿತ, ಬಂಧನದಲ್ಲಿರುವವರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.

ದೋಣಿ ಹತ್ತುವವರಿಗೂ ಒಂದು ಮಾತು: ನಡೆಸುವವ ಕುಡಿದಿದ್ದಾನೆ ಅನ್ನಿಸಿದರೆ ಹತ್ತಬೇಡಿ. ಕೋರ್ಟಲ್ಲಿ ಕೇಸು ಗೆಲ್ಲಬಹುದು, ಹೊಳೆಯಲ್ಲಿ ಹೋದ ಜೀವ ಮರಳಿ ಬರುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗುವ.