ಸಂಚಾರಿ ಉಪಾಹಾರ ವಾಹನಗಳಲ್ಲಿ ಅನಿಲ ಸುರಕ್ಷತೆ

2013ರ ಏಪ್ರಿಲ್ 9ರಂದು ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿತು. ಸೋರಿದ ಅನಿಲ ಹೊತ್ತಿಕೊಂಡು ಹೆದ್ದಾರಿ ಬದಿಯ ಮನೆಗಳು ಸುಟ್ಟವು, ಜೀವಗಳು ಹೋದವು. ಗಾಳಿಗಿಂತ ಭಾರವಾದ ಈ ಅನಿಲವು ನೆಲಮಟ್ಟದಲ್ಲೇ ಹರಡುತ್ತದೆ. ವಾಮದಪದವು ಪರಿಸರದ ಜಾತ್ರೆ, ಯಕ್ಷಗಾನಗಳಿಗೆ ಉಪಾಹಾರ ವಾಹನ ಒಯ್ಯುವ ವರ್ತಕ ಬಂಧುಗಳು ಇದನ್ನು ಮರೆಯಬಾರದು.

ವಾಹನಕ್ಕೆ ಮೇಲಿನ ಕಿಟಕಿಯೊಂದೇ ಸಾಲದು. ನೆಲಕ್ಕೆ ತಾಗಿದಂತೆಯೂ ಗಾಳಿಕಂಡಿ ಇರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಚಲಿಸುವಾಗ ಒಲೆ ಆರಿಸಿ ವಾಲ್ವ್ ಮುಚ್ಚಿರಬೇಕು. ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ಚಳಿಗೆಂದು ಒಲೆ ಉರಿಸಿ, ಬಾಗಿಲು ಮುಚ್ಚಿ ಮಲಗುವುದು ಮಾರಕ. ಆಗ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಗಾಳಿಕಂಡಿ ಕೊರೆಸುವ ವೆಚ್ಚ ಅಲ್ಪ. ಅದು ಕಾಯುವುದು ದುಡಿಮೆಯನ್ನೂ ದುಡಿಯುವವರನ್ನೂ.