ಪ್ರತಿ ಗುಂಡಿಗೂ ಒಬ್ಬ ವಾರಸುದಾರ

ಕೇರಳದ ಕೋಯಿಕ್ಕೋಡಿನಿಂದ ಹೊರಡುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ ದಾಟಿ ನಂಜನಗೂಡಿಗೆ ಬರುತ್ತದೆ. ಅಲ್ಲಿಂದ ಮೈಸೂರನ್ನು ಹಾದು, ಟಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗಿ ಮುಗಿಯುತ್ತದೆ. ಹಳಬರ ಬಾಯಲ್ಲಿ ಅದಿನ್ನೂ 212. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕು ಕೇಂದ್ರಗಳನ್ನು ಈ ಒಂದೇ ಹೆದ್ದಾರಿ ಹಾಯುತ್ತದಾದರೂ, ಬಸ್ಸಿಳಿದವರು ಊರ ಕೂಡುರಸ್ತೆ, ನಾಲಾ ಏರಿ, ಬೀದಿ, ಗಲ್ಲಿ ದಾಟಿ ಮನೆ ಸೇರುವಷ್ಟರಲ್ಲಿ ಮೂರು ನಾಲ್ಕು ಇಲಾಖೆಗಳ ರಸ್ತೆ ತುಳಿದಿರುತ್ತಾರೆ. ಒಂದು ಗುಂಡಿ ವಾರದಲ್ಲಿ ಮುಚ್ಚಿಹೋಗುತ್ತದೆ, ಅದರಿಂದ ನೂರು ಮಾರು ಆಚೆಗಿರುವುದು ವರ್ಷವಾದರೂ ಹಾಗೇ ಉಳಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಇಲಾಖೆಗಳ ನಡುವಿನ ಈ ಹೊಣೆಯ ಹಂಚಿಕೆ.

ಹಂಚಿಕೆ ಹೀಗಿದೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಸರ್ಕಾರದ ಸ್ವತ್ತು; ಕೆಲಸ ಮಾಡಿಸುವುದು ಹೆದ್ದಾರಿ ಪ್ರಾಧಿಕಾರ, ಇಲ್ಲವೇ ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ತಾಲ್ಲೂಕು ಮಟ್ಟದಲ್ಲಿ ಅವುಗಳ ಹೊಣೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರದು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ಗ್ರಾಮದೊಳಗಿನ ಬೀದಿ, ಚರಂಡಿ, ಮೋರಿಗಳು ಗ್ರಾಮ ಪಂಚಾಯಿತಿಗೆ ಸೇರಿದವು. ನಾಲೆಯ ಏರಿ ಮೇಲಿನ ರಸ್ತೆ ಹೆಚ್ಚಾಗಿ ಕಾವೇರಿ ನೀರಾವರಿ ನಿಗಮದ್ದು, ಎಂದರೆ ನೀರು ಬಿಡುವವರದು. ಏರಿ ರಸ್ತೆಯಲ್ಲಿ ದಿನವೂ ಬಸ್ಸು ಓಡುತ್ತಿದ್ದರೂ ನಿಗಮದ ಕಣ್ಣಿಗೆ ಅದು ನಾಲೆಯ ಉಸ್ತುವಾರಿಗೆ ಇರುವ ದಾರಿ ಮಾತ್ರ. ಪಂಚಾಯಿತಿಯವರು ಆ ರಸ್ತೆಗೆ ಕೈ ಹಾಕದಿರುವುದು ಉದಾಸೀನದಿಂದಲೇ ಎನ್ನಲಾಗದು. ತನ್ನದಲ್ಲದ ಆಸ್ತಿಗೆ ದುಡ್ಡು ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ಪಟ್ಟಣದೊಳಗೆ ಹೊಣೆ ಸ್ಥಳೀಯ ಸಂಸ್ಥೆಗೆ ಬರುತ್ತದೆ. ನಂಜನಗೂಡಿನಲ್ಲಿ ನಗರಸಭೆಯಿದೆ, ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಟಿ. ನರಸೀಪುರದಲ್ಲಿ ಪುರಸಭೆ, ಅಲ್ಲಿ ಮುಖ್ಯಾಧಿಕಾರಿ. ಅದೇ ತಾಲ್ಲೂಕಿನ ಬನ್ನೂರಿಗೆ ಬೇರೆಯೇ ಪುರಸಭೆಯಿದೆ. ಹೆಸರು ಬೇರೆಯಾದರೂ ಇವಕ್ಕೆಲ್ಲ ಕಾನೂನು ಒಂದೇ, 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಅದರ 87ನೇ ಪ್ರಕರಣ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ. ಸಾರ್ವಜನಿಕ ಬೀದಿ, ಮೋರಿ, ಚರಂಡಿ ಕಟ್ಟಿ ಕಾಪಾಡುವುದು, ಬೀದಿಗೆ ದೀಪ ಹಾಕುವುದು, ಗುಡಿಸುವುದು ಅದರಲ್ಲಿ ಸೇರಿವೆ. ಉದ್ಯಾನ, ವಾಚನಾಲಯಗಳಂಥವು ವಿವೇಚನೆಗೆ ಬಿಟ್ಟವುಗಳ ಸಾಲಿಗೆ ಹೋಗುತ್ತವೆ. ಆದ್ದರಿಂದ ರಸ್ತೆ ರಿಪೇರಿ ಸದಸ್ಯರು ವಾರ್ಡಿನವರಿಗೆ ಮಾಡುವ ಉಪಕಾರವಲ್ಲ. ಮುಂದೆ ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯಲ್ಲಿ ರಸ್ತೆ ಮತ್ತು ಸೇತುವೆಗಳು ನಗರ ಸಂಸ್ಥೆಗಳ ವಿಷಯಗಳ ಪಟ್ಟಿಗೆ ಬಂದವು. ಪಂಚಾಯಿತಿಗಳಿಗೆ ಅದೇ ವಿಷಯ 11ನೇ ಅನುಸೂಚಿಯಲ್ಲಿದೆ. ತೊಡಕಿರುವುದು ಪಟ್ಟಣದ ನಡುವೆ ಹಾಯುವ ಮುಖ್ಯರಸ್ತೆಯಲ್ಲಿ. ಡಾಂಬರು ಲೋಕೋಪಯೋಗಿ ಅಥವಾ ಹೆದ್ದಾರಿಯವರದಾದರೆ, ಪಕ್ಕದ ಚರಂಡಿಯ ಹೂಳು ಎತ್ತುವವರು, ಕಂಬದ ದೀಪ ನೋಡುವವರು ಪಟ್ಟಣದ ಆಡಳಿತದವರು.

ಸರ್ಕಾರವೇ ರಸ್ತೆ ಕಟ್ಟಿ ಕಾಪಾಡಬೇಕೆಂಬ ವ್ಯವಸ್ಥೆ ಈ ಸೀಮೆಗೆ ಹೊಸತಲ್ಲ. ನಂಜನಗೂಡಿನ ಬಳಿ ಕಪಿಲೆಗೆ, ಎಂದರೆ ಕಬಿನಿಗೆ, ಅಡ್ಡಲಾಗಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಸುಮಾರು 225 ಮೀಟರ್ ಉದ್ದವಿದೆ. ಮೊದಲು ಎತ್ತಿನಗಾಡಿಗಳು ಓಡಾಡಿದ ಈ ಸೇತುವೆ ಮುಂದೆ ಮೀಟರ್‌ಗೇಜ್ ರೈಲನ್ನೂ ಹೊತ್ತಿತು. ಒಂದು ಮಗ್ಗುಲಲ್ಲಿ ರೈಲು, ಇನ್ನೊಂದರಲ್ಲಿ ಬಸ್ಸು ಲಾರಿ ಹೋಗುತ್ತಿದ್ದುದು ಇಂದಿನ ನಡುವಯಸ್ಸಿನವರಿಗೂ ನೆನಪಿದೆ. ಚಾಮರಾಜನಗರ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ರೈಲು ಹೊಸ ಸೇತುವೆಗೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ. ಅಲ್ಲಿಯವರೆಗೆ ಮರಾಮತ್ತಿನ ಕೆಲಸ ಕಂದಾಯದ ಅಧಿಕಾರಿಗಳ ಕೈಯಲ್ಲೇ ಇತ್ತು.

ಈ ಎರಡು ತಾಲ್ಲೂಕುಗಳ ರಸ್ತೆಗಳಿಗೆ ಮೊದಲ ಶತ್ರು ಚಕ್ರಕ್ಕಿಂತ ನೀರು. ಕಪಿಲೆಗೆ ಹುಲ್ಲಹಳ್ಳಿ, ರಾಂಪುರ ಅಣೆಕಟ್ಟೆಗಳು, ಕಾವೇರಿಗೆ ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆ, ಇವುಗಳಿಂದ ಹೊರಟ ಹಳೆಯ ನಾಲೆಗಳು, ಜೊತೆಗೆ ಕಬಿನಿ ಬಲದಂಡೆ ನಾಲೆ ಮತ್ತು ವರುಣಾ ನಾಲೆ ಸೇರಿ ಇಲ್ಲಿನ ಗದ್ದೆ ಬಯಲನ್ನು ತಿಂಗಳುಗಟ್ಟಲೆ ತೇವವಾಗಿಡುತ್ತವೆ. ಗದ್ದೆಯ ಮಟ್ಟಕ್ಕಿಂತ ಸಾಕಷ್ಟು ಎತ್ತರಿಸದೆ ಹಾಕಿದ ರಸ್ತೆಗೆ ಬದಿಯಿಂದ ಜೌಗು ಹತ್ತುತ್ತದೆ. ಮೇಲೆ ಡಾಂಬರು ಒಣಗಿ ಚೆನ್ನಾಗಿ ಕಂಡರೂ ಅಡಿಯ ಮಣ್ಣು ಮೆತ್ತಗಾಗಿರುತ್ತದೆ; ಭಾರದ ಲಾರಿ ಹೋದಾಗ ಮೇಲ್ಪದರ ಬಾಗಿ ಬಿರುಕು ಬಿಡುತ್ತದೆ, ಬಿರುಕಿನಿಂದ ನೀರಿಳಿದು ಜಲ್ಲಿ ಸಡಿಲಾಗುತ್ತದೆ, ಅಲ್ಲೇ ಗುಂಡಿ ಬೀಳುತ್ತದೆ. ಎರೆಮಣ್ಣಿದ್ದ ಕಡೆ ಕಷ್ಟ ಇಮ್ಮಡಿ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ಮಣ್ಣಿನ ಮೇಲೆ ಗ್ರಾವೆಲ್ ಪದರ ತೆಳ್ಳಗಾದರೆ ರಸ್ತೆ ಎರಡೇ ವರ್ಷದಲ್ಲಿ ಅಲೆಅಲೆಯಾಗುತ್ತದೆ.

ಇದಕ್ಕೆ ಮದ್ದು ಸರಳ, ಅಗ್ಗ, ಆದರೆ ಯಾರಿಗೂ ಹೆಸರು ತರುವಂಥದಲ್ಲ. ರಸ್ತೆಯ ನಡುಭಾಗ ತುಸು ಉಬ್ಬಿರಬೇಕು. ಮೀಟರಿಗೆ ಎರಡು ಎರಡೂವರೆ ಸೆಂಟಿಮೀಟರ್ ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ. ಬದಿಯ ಮಣ್ಣು ಡಾಂಬರಿಗಿಂತ ಎತ್ತರ ಬೆಳೆಯದಂತೆ ವರ್ಷಕ್ಕೊಮ್ಮೆ ಕೆತ್ತಬೇಕು. ಮೋರಿಯ ಬಾಯಿಗೆ ಕಟ್ಟಿದ ಕಸ ತೆಗೆಯಬೇಕು. ಹಿಂದೆ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್‌ಗಳು ಗುದ್ದಲಿ, ಮಂಕರಿ ಹಿಡಿದು ತಮ್ಮ ಪಾಲಿನ ಮೈಲಿಗಳಲ್ಲಿ ಮಾಡುತ್ತಿದ್ದುದು ಇದನ್ನೇ. ಅವರು ನಿವೃತ್ತರಾದಂತೆ ಆ ಜಾಗಗಳು ತುಂಬಲಿಲ್ಲ. ದಿನದಿನದ ಆರೈಕೆ ಹೋಗಿ ವರ್ಷಕ್ಕೊಮ್ಮೆಯ ಟೆಂಡರ್ ಬಂತು. ಹೊಸ ರಸ್ತೆಗೆ ಗುದ್ದಲಿ ಪೂಜೆಯಿದೆ, ಫಲಕವಿದೆ. ಚರಂಡಿ ಹೂಳೆತ್ತುವುದಕ್ಕೆ ಅವೆರಡೂ ಇಲ್ಲದಿರುವುದೇ ರಸ್ತೆ ನಿರ್ವಹಣೆಯ ದೊಡ್ಡ ದೌರ್ಬಲ್ಯ.

ಹೊಳೆಯ ಪ್ರವಾಹ ಬೇರೆಯೇ ಬಗೆ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯ ವಯನಾಡಿನ ಮಳೆಗೆ ಬೇಗ ತುಂಬುತ್ತದೆ. ಹೊರಹರಿವು ಜಾಸ್ತಿಯಾದಾಗ ನಂಜನಗೂಡಿನ ಸ್ನಾನಘಟ್ಟ, ತಗ್ಗಿನ ಬಡಾವಣೆಗಳ ಜೊತೆಗೆ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೂ ನೀರಿಗೆ ಸಿಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಅಲ್ಲಿ ಸಂಚಾರ ನಿಲ್ಲಿಸಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. ಹಾಗೆ ತಿರುಗಿಸಿದ ಲಾರಿ, ಬಸ್ಸುಗಳ ಭಾರವನ್ನೆಲ್ಲ ಹೊರುವುದು ಅಕ್ಕಪಕ್ಕದ ಕಿರಿದಾದ ಹಳ್ಳಿ ರಸ್ತೆಗಳು, ಅವಕ್ಕೆ ಅಂಥ ಬಲವಿರುವುದಿಲ್ಲ. ನೀರು ಇಳಿದ ಮೇಲೆ ಹೆದ್ದಾರಿ ಸರಿಹೋದಷ್ಟು ಬೇಗ ಈ ಬದಲಿ ರಸ್ತೆಗಳು ಸರಿಹೋಗುವುದಿಲ್ಲ. ಟಿ. ನರಸೀಪುರದಲ್ಲಿ ಕನ್ನಂಬಾಡಿಯಿಂದಲೂ ಕಬಿನಿಯಿಂದಲೂ ಒಟ್ಟಿಗೆ ನೀರು ಬಿಟ್ಟಾಗ ಕಾವೇರಿ, ಕಪಿಲೆಗಳ ಸಂಗಮದ ಸುತ್ತಲಿನ ತಗ್ಗು ಮುಳುಗುತ್ತದೆ.

ಚಕ್ರದ ಹೊರೆಯೂ ಕಡಿಮೆಯೇನಲ್ಲ. ನಂಜನಗೂಡು, ತಾಂಡವಪುರದ ಕೈಗಾರಿಕಾ ಪ್ರದೇಶಗಳು, ಅಳಗಂಚಿಯ ಸಕ್ಕರೆ ಕಾರ್ಖಾನೆ ಇವೆಲ್ಲ ಭಾರದ ವಾಹನಗಳನ್ನು ಎಳೆಯುತ್ತವೆ. ಕಬ್ಬು ಅರೆಯುವ ದಿನಗಳಲ್ಲಿ ಹಳ್ಳಿಯ ರಸ್ತೆಗಳಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಾಲು ನಿಲ್ಲುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಇಂಜಿನಿಯರುಗಳು ಕಂಡುಕೊಂಡ ಸ್ಥೂಲ ಲೆಕ್ಕದ ಪ್ರಕಾರ, ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಅತಿಭಾರ ಹೇರಿದ ಒಂದು ಕಬ್ಬಿನ ಲಾರಿ ಮಾಡುವ ಹಾನಿಯನ್ನು ಸಾವಿರಾರು ಬೈಕುಗಳೂ ಮಾಡಲಾರವು. ರಸ್ತೆ ತೆರಿಗೆ ಮಾತ್ರ ಈ ಪ್ರಮಾಣದಲ್ಲಿಲ್ಲ.

ರೈತರು ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಗಳನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರದಲ್ಲೇ ಒಕ್ಕಣೆ ಮಾಡಿಸುವುದು ಈ ಭಾಗದ ಇನ್ನೊಂದು ನೋಟ. ಇದರಿಂದ ರಸ್ತೆಗೆ ಅಂಥ ಹಾನಿಯಿಲ್ಲ. ಬೈಕ್ ಸವಾರರು ಜಾರಿ ಬೀಳುತ್ತಾರೆ, ಬಿಸಿ ಸೈಲೆನ್ಸರಿಗೆ ಹುಲ್ಲು ಸುತ್ತಿ ಬೆಂಕಿ ಹತ್ತುವುದೂ ಉಂಟು. ಪ್ರತಿ ವರ್ಷ ತಹಶೀಲ್ದಾರರು, ಪೊಲೀಸರು ಎಚ್ಚರಿಕೆ ಕೊಡುತ್ತಾರೆ. ಊರಿಗೊಂದು ಒಕ್ಕಣೆ ಕಣ ಕಟ್ಟಿಸಿಕೊಡುವುದು ಆ ಎಚ್ಚರಿಕೆಗಿಂತ ಹೆಚ್ಚು ಫಲಕಾರಿ. ಉದ್ಯೋಗ ಖಾತ್ರಿಯಂಥ ಯೋಜನೆಯಲ್ಲಿ ಅದಕ್ಕೆ ಅವಕಾಶ ಇದ್ದೇ ಇದೆ.

ಹೆದ್ದಾರಿಯ ನಿರ್ವಹಣೆ ಎಂದರೆ ಗುಂಡಿಯಷ್ಟೇ ಅಲ್ಲ, ತಿರುವು, ಸೂಚನಾ ಫಲಕ, ಬಿಳಿ ಗೆರೆ, ಬದಿಯ ಗಿಡಗಂಟಿ ಎಲ್ಲ ಸೇರಿ. 2023ರ ಮೇ 29ರಂದು ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು ಮತ್ತು ಖಾಸಗಿ ಬಸ್ ಮುಖಾಮುಖಿ ಡಿಕ್ಕಿಯಾಗಿ ಹತ್ತು ಮಂದಿ ಸತ್ತರು. ಅಂಥ ದುರಂತ ನಡೆದಾಗ ರಸ್ತೆಯ ಅಗಲ, ತಿರುವುಗಳ ಮಾತು ಜೋರಾಗುತ್ತದೆ. ಊರವರು ತಾವೇ ಮಣ್ಣು, ಜಲ್ಲಿ ಸುರಿದು ಹಂಪ್ ಹಾಕಿಬಿಡುವುದೂ ಇದೆ. ಅಳತೆಯಿಲ್ಲದ, ಬಣ್ಣ ಬಳಿಯದ ಹಂಪು ರಾತ್ರಿ ಹೊತ್ತು ಗುಂಡಿಗಿಂತ ಅಪಾಯ. ಹಂಪ್ ಹಾಕಬೇಕಾದವರು ರಸ್ತೆಯ ಒಡೆತನವಿರುವ ಇಲಾಖೆಯವರೇ.

ಗುಂಡಿ ಮುಚ್ಚುವುದಕ್ಕೂ ಒಂದು ಕ್ರಮವಿದೆ. ಗುಂಡಿಯ ಅಂಚನ್ನು ಚೌಕಾಕಾರವಾಗಿ ಕಡಿದು, ಸಡಿಲು ಜಲ್ಲಿ, ಧೂಳು, ನೀರು ತೆಗೆದು, ಅಂಟಿಗಾಗಿ ತೆಳ್ಳಗೆ ಡಾಂಬರು ಸವರಿ, ಬಿಸಿ ಮಿಶ್ರಣ ತುಂಬಿ ರೋಲರ್ ಹಾಯಿಸಬೇಕು. ಒದ್ದೆ ಗುಂಡಿಗೆ ಬಿಸಿ ಡಾಂಬರು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಜಲ್ಲಿಪುಡಿ ಸುರಿದು ಹೋಗುವುದು ತಾತ್ಕಾಲಿಕ. ಬಿಸಿ ಮಾಡಬೇಕಿಲ್ಲದ ಸಿದ್ಧ ಮಿಶ್ರಣಗಳಿದ್ದರೂ ಅವು ದುಬಾರಿ. ಈ ಭಾಗಕ್ಕೆ ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಜೋರು ಮಳೆ. ಹೀಗಾಗಿ ಕೆಲಸಕ್ಕೆ ಸಿಗುವ ಒಣ ಕಾಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ಕೂಡ ಅದರೊಳಗೇ ಬರುವುದರಿಂದ ಬಿಲ್ಲಿನ ಅವಸರ ಗುಣಮಟ್ಟದ ಮೇಲೆ ಬೀಳುತ್ತದೆ.

ಜಾತ್ರೆಯೂ ಇಲ್ಲಿ ದುರಸ್ತಿಯ ದಿನಾಂಕ ನಿಗದಿ ಮಾಡುತ್ತದೆ. ಫಾಲ್ಗುಣದ ಪಂಚ ಮಹಾರಥೋತ್ಸವಕ್ಕೆ ಮುನ್ನ ನಂಜನಗೂಡಿನ ರಥಬೀದಿ ಸಮವಾಗಿರಲೇಬೇಕು, ಇಲ್ಲದಿದ್ದರೆ ಗೌತಮ ರಥ ಉರುಳದು. ಟಿ. ನರಸೀಪುರದ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಕುಂಭಮೇಳ ನಡೆದುಬಂದಿದೆ. ಕೋವಿಡ್‌ನಿಂದ ಒಂದು ಸಲ ತಪ್ಪಿ, 2025ರ ಫೆಬ್ರವರಿ 10ರಿಂದ 12ರವರೆಗೆ ಮತ್ತೆ ನಡೆಯಿತು. ಮೇಳದ ಹೆಸರಿನಲ್ಲಿ ಸಂಗಮದ ಕಡೆಯ ರಸ್ತೆಗಳಿಗೆ ಒಮ್ಮೆಗೇ ಗಮನ ಸಿಗುತ್ತದೆ. ಅತಿಥಿಗಳು ಕಾಲಿಡದ ವಾರ್ಡುಗಳಿಗೆ ಆ ಭಾಗ್ಯವಿಲ್ಲ.

ಹಣ ಬರುವ ದಾರಿಗಳು ಹಲವು. ಆಸ್ತಿ ತೆರಿಗೆ, ಅಂಗಡಿ ಬಾಡಿಗೆ ಸ್ಥಳೀಯ ಸಂಸ್ಥೆಗಳ ಸ್ವಂತ ಆದಾಯ. ಅದರ ಮೇಲೆ ರಾಜ್ಯ ಹಣಕಾಸು ಆಯೋಗದ ಅನುದಾನ, ನಗರೋತ್ಥಾನ ಯೋಜನೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಗಳಿಗೇ ಮೀಸಲಾಗಿತ್ತು. ರಸ್ತೆಗೆ ಸಿಗುತ್ತಿದ್ದುದು ಉಳಿದ ಶೇ 40ರಲ್ಲಿ. ನಂಜನಗೂಡು, ಟಿ. ನರಸೀಪುರ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾದವು, ದಲಿತ ಕೇರಿಗಳು ಬಹಳ. ಅಲ್ಲಿನ ಕಾಂಕ್ರೀಟ್ ರಸ್ತೆ, ಚರಂಡಿಗಳಿಗೆ 2013ರ ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆ ಕಾಯ್ದೆಯ ಹಣ ಆಧಾರ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆಯಲ್ಲೇ ಸೇರಿರುತ್ತದೆ. ರಸ್ತೆ ಶುರುವಾಗುವಲ್ಲಿ ನೆಟ್ಟ ಫಲಕದಲ್ಲಿ ಉದ್ದ, ವೆಚ್ಚ, ಗುತ್ತಿಗೆದಾರರ ಹೆಸರು ಇರುತ್ತವೆ. ಆ ಅವಧಿಯಲ್ಲಿ ಗುಂಡಿ ಬಿದ್ದರೆ ಹೊಸ ಟೆಂಡರ್ ಕರೆಯಬೇಕಿಲ್ಲ, ಅದೇ ಗುತ್ತಿಗೆದಾರರಿಂದ ಮುಚ್ಚಿಸಬಹುದು.

ನಿವಾಸಿಗಳು ತಾವೇ ರಸ್ತೆ ಅಗೆಯಬೇಕಾಗುವ ಸಂದರ್ಭವೂ ಬರುತ್ತದೆ. ನಲ್ಲಿ ಸಂಪರ್ಕಕ್ಕೋ ಒಳಚರಂಡಿಗೋ ಬೀದಿ ಕಡಿಯಲು ಪಟ್ಟಣದ ಆಡಳಿತದ ಅನುಮತಿ ಪಡೆದು, ಮತ್ತೆ ಮುಚ್ಚುವ ವೆಚ್ಚ ಕಟ್ಟಬೇಕು. ಕಟ್ಟಿದ ಮೇಲೆ ಆ ಸೀಳನ್ನು ಸರಿಯಾಗಿ ಮುಚ್ಚಿಸುವ ಹೊಣೆ ಕಚೇರಿಯದು. ಬೀದಿದೀಪ ಕೆಟ್ಟರೆ ಜನ ಮೊದಲು ಕರೆ ಮಾಡುವುದು ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ಗೆ. ಕಂಬ, ತಂತಿ ಅವರದಾದರೂ ಬಲ್ಬು ಬದಲಿಸುವ ಕೆಲಸ, ಆ ದೀಪಗಳ ಬಿಲ್ಲು ಸ್ಥಳೀಯ ಸಂಸ್ಥೆಯವು. ವಿದ್ಯುತ್ ದೂರಿಗೆ 1912, ರಾಷ್ಟ್ರೀಯ ಹೆದ್ದಾರಿಗೆ 1033, ರಾಜ್ಯದ ಯಾವುದೇ ಇಲಾಖೆಯ ಮೇಲಿನ ದೂರಿಗೆ 1902. ದೂರಿನ ಜೊತೆ ಜಾಗದ ಗುರುತು ಮತ್ತು ಫೋಟೊ ಇದ್ದರೆ, ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬಂದರೂ ಅದು ಯಾರ ವ್ಯಾಪ್ತಿ ಎಂದು ಬರವಣಿಗೆಯಲ್ಲಿ ಕೇಳಬಹುದು. ಕೆಲಸ ಆಗದೆಯೇ ಬಿಲ್ಲಾಗಿದೆ ಎಂಬ ಅನುಮಾನವಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ನಕಲು ಕೇಳುವುದು ಸರಿಯಾದ ದಾರಿ. ಎಷ್ಟು ಉದ್ದ, ಎಷ್ಟು ದಪ್ಪ ಹಾಕಲಾಗಿದೆ ಎಂಬುದು ಬರೆದಿರುವುದು ಅಳತೆ ಪುಸ್ತಕದಲ್ಲೇ.

ದೂರು ಈಗಿನ ಗುಂಡಿಗೆ ಮಾತ್ರ. ಬರುವ ವರ್ಷದ ಬೀದಿ, ಚರಂಡಿಗೆ ದಾರಿ ಬೇರೆ. ಕರ್ನಾಟಕದ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕಾಮಗಾರಿಗಳ ಬೇಡಿಕೆ ಅಲ್ಲಿಂದಲೇ ಹೋಗಬೇಕು. ಕ್ರಿಯಾ ಯೋಜನೆಯಲ್ಲಿ ಸೇರದ ಕೆಲಸಕ್ಕೆ ಆ ವರ್ಷ ಹಣ ಸಿಗುವುದಿಲ್ಲ. ಆದ್ದರಿಂದ ಗ್ರಾಮಸ್ಥರು ಸಭೆಗೆ ಹೋಗಿ ತಮ್ಮ ಬೀದಿಯ ಚರಂಡಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿ ನೋಡಿಯೇ ಸಹಿ ಹಾಕಬೇಕು.